ಐದು ಧಾರಾವಾಹಿ, ಒಂದು ಕಾರ್ಡು

ನಮ್ಮ ಮನೆಯಲ್ಲಿ ಒಂಬತ್ತು ಟಿವಿಗಳಿದ್ದವು, ನಡೆಯುತ್ತಿದ್ದುದು ಒಂದೇ. ಅಪ್ಪ ರಾಣೆಬೆನ್ನೂರಿನಲ್ಲಿ ಟಿವಿ, ರೇಡಿಯೊ ರಿಪೇರಿ ಮಾಡುತ್ತಿದ್ದ. ಅದಕ್ಕೆ ಬೇರೆ ಅಂಗಡಿ ಇರಲಿಲ್ಲ. ಮನೆಯ ಪಡಸಾಲೆಯ ಅರ್ಧ ಭಾಗವೇ ಅಂಗಡಿ. ಗೋಡೆಗುಂಟ ಹಲಗೆ ಹೊಡೆದು ಕೆಟ್ಟ ಟಿವಿಗಳನ್ನು ಸಾಲಾಗಿ ಇಟ್ಟಿದ್ದ. ನಾವು ಅವನ್ನು ಕಂಪನಿಯ ಹೆಸರಿನಿಂದ ಕರೆಯುತ್ತಿರಲಿಲ್ಲ, ಮನೆತನದ ಹೆಸರಿನಿಂದ ಕರೆಯುತ್ತಿದ್ದೆವು: ಹಲಗೇರಿ ಗೌಡರ ಟಿವಿ, ಮಾಸ್ತರರ ಟಿವಿ, ಕಿರಾಣಿ ಅಂಗಡಿಯವರ ಟಿವಿ. ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಟಿವಿ ಬಂತು. ಅಪ್ಪ ಹಿಂದಿನ ಮುಚ್ಚಳ ಬಿಚ್ಚಿ ಬಾಯಿಂದ ಊದಿದ್ದೇ ತಡ, ಒಳಗೆ ಕೂತಿದ್ದ ಕೆಂಪು ಧೂಳು ಎದ್ದು ಮನೆಮಂದಿಯೆಲ್ಲ ಸೀನತೊಡಗಿದೆವು. ಬ್ಯಾಡಗಿಯಲ್ಲೇ ಹುಟ್ಟಿ ಬೆಳೆದ ಅವ್ವ ಒಬ್ಬಳೇ ಸೀನಲಿಲ್ಲ. ಒಲೆಯ ಮುಂದೆ ಕೂತಲ್ಲಿಂದಲೇ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡಳು.

"ನನ್ನ ತವರಮನಿ ಗಾಳಿ ಬಂತು ನೋಡ್ರಿ."

ನಮ್ಮ ಸ್ವಂತದ ಟಿವಿ ಕಪ್ಪು-ಬಿಳುಪಿನದು, ಮರದ ಪೆಟ್ಟಿಗೆಗೆ ಸರಿಸುವ ಬಾಗಿಲು ಇದ್ದಂಥದು. ಸತ್ತ ಎರಡು ಟಿವಿಗಳ ಸಾಮಾನು ಕೂಡಿಸಿ ಅಪ್ಪ ಅದನ್ನು ಬದುಕಿಸಿದ್ದ. ಊರ ಟಿವಿಗಳನ್ನೆಲ್ಲ ನೆಟ್ಟಗೆ ಮಾಡುವ ಅಪ್ಪನಿಗೆ ಇದರ ಒಂದು ದೋಷ ಮಾತ್ರ ಕೊನೆಯವರೆಗೂ ನೀಗಲಿಲ್ಲ: ಅದರಲ್ಲಿ ಬರುವವರ ತಲೆಗಳೆಲ್ಲ ಸ್ವಲ್ಪ ಉದ್ದ ಕಾಣುತ್ತಿದ್ದವು. ಬೆಂಗಳೂರಿನ ಜನರ ತಲೆಯೇ ಹಾಗೆ ಎಂದು ಅಜ್ಜಿ ತಿಳಿದಿದ್ದಳು. ಅಡಿಗೆಮನೆಯ ಬಾಗಿಲಿಗೆ ಎದುರಾಗಿ, ನಾಲ್ಕು ಬೆರಳು ಓರೆಯಾಗಿ ಟಿವಿ ಇಟ್ಟಿದ್ದು ಅವ್ವನಿಗಾಗಿ. ಅವಳು ರೊಟ್ಟಿ ಬಡಿಯುತ್ತ ಕತ್ತು ಒಂದಿಷ್ಟು ವಾಲಿಸಿದರೆ ಸಾಕು, ಪೂರ್ತಿ ಕಾಣುತ್ತಿತ್ತು. ಅಜ್ಜಿ ಕಂಬಕ್ಕೆ ಬೆನ್ನು ಕೊಟ್ಟು ಹತ್ತಿಯ ಬತ್ತಿ ಹೊಸೆಯುತ್ತ ಕೂಡುತ್ತಿದ್ದಳು. ನಾನು ಅವಳ ಮುಂದೆ, ಬತ್ತಿಯ ತಟ್ಟೆ ಕಾಲಿಗೆ ತಾಗದಷ್ಟು ದೂರದಲ್ಲಿ.

ಯಾವ ಧಾರಾವಾಹಿ ಎಲ್ಲಕ್ಕಿಂತ ದೊಡ್ಡದು ಎಂಬ ವಾದ ನಮ್ಮ ಊಟದಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಹಾಗೆ ದಿನವೂ ಇರುತ್ತಿತ್ತು. ಒಬ್ಬೊಬ್ಬರ ಅಳತೆ ಒಂದೊಂದು. ಅಪ್ಪನದು ಕಸುಬಿನ ಅಳತೆ.

"ಯಾವ ಧಾರಾವಾಹಿ ಟೈಮಾತು ಅಂತ ಮಂದಿ ಕೆಟ್ಟ ಟಿವಿ ಹೊತಗೊಂಡು ನನ್ನ ಮನಿಗಿ ಓಡಿ ಬರತಾರೋ, ಅದ ದೊಡ್ಡದು. ಬಾಯಿ ಏನರ ಹೇಳಲಿ, ಕಾಲು ಸುಳ್ಳ ಹೇಳೂದಿಲ್ಲ."

ಈ ಲೆಕ್ಕದಲ್ಲಿ ಭಾನುವಾರದ ಹಿಂದಿ ಪತ್ತೇದಾರಿ ಧಾರಾವಾಹಿಯೇ ಮೊದಲು. ಅದರ ಭಾಷೆ ನಮಗೆ ಅರ್ಧ ತಿಳಿಯುತ್ತಿತ್ತು. ಕೊಲೆ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಅವ್ವನ ಅಳತೆ ಹಂಚಿನ ಮೇಲಿನದು. ಯಾವುದನ್ನು ನೋಡುತ್ತ ರೊಟ್ಟಿ ಸುಟ್ಟಿತೋ ಅದು ದೊಡ್ಡ ಧಾರಾವಾಹಿ. ‘ಮೇಲಿನ ಮನೆ ಬಾಡಿಗೆಗಿದೆ’ ಎಂಬ ನಗೆಯ ಧಾರಾವಾಹಿ ಬಂದಾಗ ಒಂದೇ ಸಂಜೆ ನಾಲ್ಕು ರೊಟ್ಟಿ ಸುಟ್ಟ ದಾಖಲೆ ಅವಳದು. "ಮಾರ್ಕು ಕೊಡಾಕಿ ಆಕಿ, ಸುಟ್ಟಿದ್ದನ್ನ ತಿನ್ನಾಂವ ನಾ," ಎಂದು ಅಪ್ಪ ಗೊಣಗುತ್ತಿದ್ದ. ಅಜ್ಜಿಯ ಆಯ್ಕೆ ಎಲ್ಲರಿಗಿಂತ ಬೇರೆ. ಪ್ರಸಾರ ನಡುವೆ ನಿಂತಾಗ ‘ಅಡಚಣೆಗಾಗಿ ಕ್ಷಮಿಸಿ’ ಎಂದು ಪರದೆಯ ಮೇಲೆ ಬರುತ್ತಿತ್ತಲ್ಲ, ಅಜ್ಜಿಗೆ ಅದು ಬಲು ಇಷ್ಟ. ಅವಳಿಗೆ ಓದಲು ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಪ್ರತಿಸಲವೂ ನನ್ನಿಂದ ಓದಿಸಿ ಕೇಳಿ, ಪ್ರತಿಸಲವೂ ತಲೆದೂಗುತ್ತಿದ್ದಳು.

"ನೋಡು, ಯಾರ ಪರಿಚಯ ಇಲ್ಲ, ಗುರುತು ಇಲ್ಲ, ಆದ್ರೂ ಕ್ಷಮಾ ಕೇಳತಾರ. ಈ ಮನ್ಯಾಗ ಒಬ್ಬರಿಗರ ಆ ಬುದ್ಧಿ ಐತೇನು?"

ಆ ಮಾತು ಕಾಕಾನಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಕಾಕಾ ಎಂದರೆ ಅಪ್ಪನ ತಮ್ಮ ಮಂಜಪ್ಪ. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸ. ಆಗ ಅವನಿಗೆ ತಿಂಗಳುಗಟ್ಟಲೆ ಸೆಕೆಂಡ್ ಶಿಫ್ಟು. ಮಧ್ಯಾಹ್ನ ಹೋದರೆ ನಾವೆಲ್ಲ ಮಲಗಿದ ಮೇಲೆಯೇ ಬರುವುದು. ಹಾಗಾಗಿ ಸಂಜೆಯ ಧಾರಾವಾಹಿ ಒಂದೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೂ ಬುಧವಾರ ಬರುತ್ತಿದ್ದ ‘ನಾಲ್ಕು ಕಂಬದ ಮನೆ’ಯೇ ಎಲ್ಲಕ್ಕಿಂತ ದೊಡ್ಡದು ಎಂದು ವಾದಿಸುತ್ತಿದ್ದ. ನೋಡದೆ ಹೇಗೆ ಹೇಳುತ್ತೀ ಎಂದು ಅಪ್ಪ ಕೇಳಿದರೆ, "ಲೀಲಾ ಹೇಳತಾಳ, ನಾ ಕೇಳತೇನಿ. ನೋಡಿದ್ರ ಇಷ್ಟು ಛಲೋ ಇರೂದಿಲ್ಲ," ಎನ್ನುತ್ತಿದ್ದ. ಲೀಲಾ ಎಂದರೆ ನಾನು. ಆಗ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಗುರುವಾರ ಮುಂಜಾನೆ ಕಾಕಾ ಹಿತ್ತಲಿನಲ್ಲಿ ನೀರೊಲೆಯ ಮುಂದೆ ಚಹಾದ ಬಟ್ಟಲು ಹಿಡಿದು ಕೂಡುತ್ತಿದ್ದ. ನಾನು ಎದುರಿಗೆ ಕಲ್ಲಿನ ಮೇಲೆ ನಿಂತು ಹಿಂದಿನ ಸಂಜೆಯ ಕಂತು ಹೇಳುತ್ತಿದ್ದೆ, ಗಂಡಸರ ದನಿ, ಹೆಂಗಸರ ದನಿ, ನಡುವಿನ ಸಂಗೀತ ಎಲ್ಲ ಸೇರಿಸಿ. ಕಾಕಾ ನಡುನಡುವೆ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಹಾಂಗ ಅಂದಾಗ ಆಕಿ ಕೈಯಾಗ ಏನಿತ್ತು?"

ಮೊದಮೊದಲು ನನಗೆ ಹೇಳಲು ಬರುತ್ತಿರಲಿಲ್ಲ. ಮಾತು ಕೇಳಿದ್ದೆ, ಕೈ ನೋಡಿರಲಿಲ್ಲ. ಆಮೇಲೆ ಕೈ ನೋಡಲು ಕಲಿತೆ. ಟಿವಿಯಲ್ಲಿ ಅಷ್ಟೇ ಅಲ್ಲ, ಮನೆಯಲ್ಲೂ. ಅವ್ವ ಸಿಟ್ಟಾದಾಗ ಕೈಯಲ್ಲಿ ಏನು ಹಿಡಿದಿರುತ್ತಾಳೆ, ಅಜ್ಜಿ ಬೇಸರವಾದಾಗ ಬತ್ತಿ ಎಷ್ಟು ದಪ್ಪ ಹೊಸೆಯುತ್ತಾಳೆ, ಇವೆಲ್ಲ ಕಣ್ಣಿಗೆ ಬೀಳತೊಡಗಿದವು. ಮುಂದೆ ಹಾವೇರಿಯ ಶಾಲೆಯಲ್ಲಿ ಎಷ್ಟೋ ವರ್ಷ ಕನ್ನಡ ಕಲಿಸಿದೆ. ಮಕ್ಕಳಿಗೆ ಕತೆ ಬರೆಯಲು ಹೇಳಿಕೊಟ್ಟದ್ದು ಬಹುಮಟ್ಟಿಗೆ ಇದೊಂದೇ.

ಅಜ್ಜಿಯ ಬತ್ತಿ ದಪ್ಪವಾಗುತ್ತಿದ್ದುದು ಶ್ರಾವಣ ಹತ್ತಿರ ಬಂದಾಗ. ಅವಳ ಮಗಳು ಗಿರಿಜವ್ವ, ನಾನು ಅತ್ತಿ ಎಂದು ಕರೆಯುತ್ತಿದ್ದ ಸೋದರತ್ತೆ, ಅಪ್ಪನಿಗೆ ತಂಗಿ, ಕಾಕಾನಿಗೆ ಅಕ್ಕ. ಅವಳನ್ನು ಮೇಡ್ಲೇರಿಗೆ ಕೊಟ್ಟಿತ್ತು. ಬಸ್ಸು ಹತ್ತಿದರೆ ಮುಟ್ಟುವಷ್ಟು ಹತ್ತಿರದ ಊರು, ಆದರೂ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ನಾಗರಪಂಚಮಿಗೆ ಅತ್ತಿ ಮೂರು ವರ್ಷದಿಂದ ಬಂದಿರಲಿಲ್ಲ. ತನ್ನ ಗಂಡನ ತಂಗಿಯನ್ನು ಕಾಕಾನಿಗೆ ತಂದುಕೊಳ್ಳಬೇಕು ಎಂದು ಅವಳಿಗೆ ಆಸೆಯಿತ್ತು. ಕಾಕಾ ಮೊದಲು ಹೂಂ ಅಂದ. ಆಮೇಲೆ ಒಲ್ಲೆನೆಂದು ಮೇಡ್ಲೇರಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ. ಆ ಹುಡುಗಿಗೆ ವರ್ಷದೊಳಗೆ ಒಳ್ಳೆಯ ಮನೆಯೇ ಸಿಕ್ಕಿತು. ಅತ್ತಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಅಪ್ಪ ಪ್ರತಿ ಪಂಚಮಿಗೂ ಕರೆಯಲು ಹೋಗಿ ಒಬ್ಬನೇ ಬರುತ್ತಿದ್ದ. ಅತ್ತಿ ಹೇಳಿ ಕಳಿಸುತ್ತಿದ್ದುದು ಪ್ರತಿಸಲವೂ ಅದೇ ಮಾತು.

"ಒಲ್ಲೆ ಅಂದಿದ್ದಕ್ಕ ಸಿಟ್ಟಿಲ್ಲ. ಕಂಡಕ್ಟರ್ ಕೈಯಾಗ ಹೇಳಿ ಕಳಿಸಿದ್ನಲ್ಲ, ಅದಕ್ಕ ಸಿಟ್ಟು. ಅಂವ ತಾನ ಬಂದು ಕರದ್ರ ಬರತೇನಿ."

ಕಾಕಾ ಇದನ್ನು ಕೇಳಿ ಎದ್ದು ಹೊರಗೆ ಹೋಗುತ್ತಿದ್ದ. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವಾಗ ಅಜ್ಜಿ ದೇವರ ಪಾಲು, ಗುರುವಿನ ಪಾಲು ಎಂದು ಒಬ್ಬೊಬ್ಬರ ಹೆಸರಿಗೆ ಒಂದೊಂದು ಹನಿ ಬಿಡುತ್ತ, ಮಗಳ ಪಾಲು ಬಂದಾಗ ಹಾಲಿನ ಬಟ್ಟಲನ್ನು ಸುಮಾರು ಹೊತ್ತು ಹಿಡಿದೇ ಇರುತ್ತಿದ್ದಳು.

ನಾಲ್ಕನೆಯ ಪಂಚಮಿಗೆ ಒಂದು ವಾರ ಉಳಿದಿತ್ತು. ಆ ಬುಧವಾರ ಸಂಜೆ ಇಡೀ ಓಣಿಗೆ ಕರೆಂಟು ಹೋಯಿತು. ‘ನಾಲ್ಕು ಕಂಬದ ಮನೆ’ಯಲ್ಲೂ ಆಗ ಅಣ್ಣ-ತಂಗಿಯರ ಮುನಿಸು ನಡೆದಿತ್ತು, ಹಿಂದಿನ ವಾರ ಅಣ್ಣ ಪಟ್ಟಣದ ಬಸ್ ನಿಲ್ದಾಣದಲ್ಲಿ ಬಂದು ನಿಂತಲ್ಲಿಗೆ ನಿಲ್ಲಿಸಿದ್ದರು. ಮುಂದೇನಾಯಿತು ಎಂದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಮುಂಜಾನೆ ಕಾಕಾ ಎಂದಿನ ಹಾಗೆ ನೀರೊಲೆಯ ಮುಂದೆ ಕೂತಿದ್ದ. ಕಣ್ಣು ಕೆಂಪಾಗಿದ್ದವು, ಆದರೆ ಮುಖ ನನ್ನ ಕಡೆಗೇ ಇತ್ತು. "ಅಂವ ಬಸ್ಸು ಹತ್ತಿದ್ನೋ ಇಲ್ಲೋ?" ಎಂದ. ಕರೆಂಟು ಇರಲಿಲ್ಲ ಎಂದು ಹೇಳುವುದಕ್ಕೇ ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಹತ್ತಿದ ಕಾಕಾ."

ಒಮ್ಮೆ ಅವನನ್ನು ಬಸ್ಸು ಹತ್ತಿಸಿದ ಮೇಲೆ ಇಳಿಸಲೇಬೇಕಲ್ಲ. ತಂಗಿಯ ಊರಿನಲ್ಲಿ ಇಳಿಸಿದೆ. ಬಾಗಿಲಲ್ಲಿ ನಿಲ್ಲಿಸಿದೆ. ಕ್ಷಮಿಸು ಎನ್ನಲು ಅವನಿಗೆ ಬಾಯಿ ಬರಲಿಲ್ಲ ಎಂದೆ. "ಮತ್ತ ಏನಂದ?" ಎಂದು ಕಾಕಾ ಕೇಳಿದ. ನನಗೂ ಗೊತ್ತಿರಲಿಲ್ಲ. ಆದರೂ ಹೇಳಿದೆ:

"‘ಅವ್ವ ಕರಕೊಂಡು ಬಾ ಅಂತ ಕಳಿಸ್ಯಾಳ’ ಅಂದ. ಅವ್ವ ಏನೂ ಕಳಿಸಿರಲಿಲ್ಲ. ಆಕಿಗೂ ಅದು ಸುಳ್ಳಂತ ಗೊತ್ತಾತು. ಆದ್ರೂ ಏನೂ ಅನ್ನಲಿಲ್ಲ. ಚೀಲ ತರಾಕ ಒಳಗ ಹೋದಳು."

"ಆಕಿ ಕೈಯಾಗ ಏನಿತ್ತು?"

"ಜ್ವಾಳ ಹಸನ ಮಾಡಾಕತ್ತಿದ್ದಳು."

ಕಾಕಾ ಚಹಾ ಕುಡಿಯುವುದನ್ನು ಮರೆತಿದ್ದ. ಬಟ್ಟಲಲ್ಲಿ ಕೆನೆ ಕಟ್ಟಿತ್ತು. ಅವನಿಗಾಗಿ ಬೇಕೆಂದೇ ಕಟ್ಟಿ ಹೇಳಿದೆನೋ, ಸೋಲಬಾರದೆಂದು ಹೇಳಿದೆನೋ, ಈಗಲೂ ನನಗೆ ಖಚಿತವಿಲ್ಲ. ಅತ್ತಿ ಬಂದರೆ ಪಂಚಮಿಯ ಜೋಕಾಲಿ ಎತ್ತರಕ್ಕೆ ಜೀಕಿಸುತ್ತಾಳೆ ಎಂಬ ಆಸೆಯಂತೂ ಇತ್ತು.

ವಾರದ ರಜೆಯ ದಿನ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಯಾರಿಗೂ ಹೇಳದೆ ಹೊರಟ. ಮಧ್ಯಾಹ್ನ ಅವನು ತಿರುಗಿ ಬಂದಾಗ ಹಿಂದೆ ಅತ್ತಿ ಇದ್ದಳು. ಕೈಯಲ್ಲಿ ಚೀಲ, ಚೀಲದ ಬಾಯಿಗೆ ಹಸಿ ಶೇಂಗಾದ ಬಳ್ಳಿ. ಅಜ್ಜಿ ಬತ್ತಿಯ ತಟ್ಟೆಯನ್ನು ಮಗುಚಿಕೊಂಡೇ ಎದ್ದಳು. ತಾಯಿ-ಮಗಳು ಹೊಸ್ತಿಲ ಮೇಲೆಯೇ ಕೂತು ಅತ್ತರು, ನಕ್ಕರು, ನೆರೆಮನೆಯವರು ಬಂದು ಕೇಳಿದಾಗ ಏನೂ ಆಗದವರ ಹಾಗೆ ಎದ್ದರು. ಅಪ್ಪ ಮಾತ್ರ ಹಲಗೇರಿ ಗೌಡರ ಟಿವಿಯೊಳಗೆ ತಲೆ ಹಾಕಿದವನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

ಮಂಗಳವಾರ ಪಂಚಮಿ, ಕಾಕಾನಿಗೂ ಹಬ್ಬದ ರಜೆ. ಎಳ್ಳುಂಡಿ, ಶೇಂಗಾದುಂಡಿ, ಜೋಳದ ಅರಳು, ಮುಂಜಾನೆಯಿಂದ ಜೋಕಾಲಿ. ಮಧ್ಯಾಹ್ನ ಉಂಡು ಎಲ್ಲರೂ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ ಅಪ್ಪ ಒಂದು ವಾರಪತ್ರಿಕೆಯ ಹಾಳೆಯನ್ನೂ ಒಂದು ಪೋಸ್ಟ್ ಕಾರ್ಡನ್ನೂ ಹೊರಗೆ ತೆಗೆದ. ಇದುವರೆಗೆ ಬಂದವುಗಳಲ್ಲಿ ಎಲ್ಲಕ್ಕಿಂತ ಉತ್ತಮವಾದ ಐದು ಕಾರ್ಯಕ್ರಮಗಳನ್ನು ಕಾರಣ ಕೊಟ್ಟು ಬರೆದು ಕಳಿಸಬೇಕು, ಮನೆಗೊಂದೇ ಕಾರ್ಡು, ಗೆದ್ದವರಿಗೆ ಇಸ್ತ್ರಿ ಪೆಟ್ಟಿಗೆ. ದಿನವೂ ಬಾಯಲ್ಲಿ ನಡೆಯುತ್ತಿದ್ದ ವಾದ ಮೊದಲ ಸಲ ಕಾಗದಕ್ಕೆ ಬರಲಿತ್ತು. ಎಲ್ಲರೂ ಎದ್ದು ಕೂತರು. ಅಪ್ಪ ಪತ್ತೇದಾರಿಯದನ್ನು ಮೊದಲು ಬರೆಯುತ್ತೇನೆ ಎಂದ. ಅವ್ವ ಪೆನ್ನಿನ ಮೇಲೆ ಕೈ ಇಟ್ಟಳು. ಅತ್ತಿ ಹೊಲದವರಿಗಾಗಿ ಬರುವ ಕಾರ್ಯಕ್ರಮದ ಪರ ನಿಂತಳು. ಬದನೆಗೆ ಹುಳ ಬಿದ್ದಾಗ ಏನು ಹೊಡೆಯಬೇಕೆಂದು ಯಾವ ಪತ್ತೇದಾರನೂ ಹೇಳಿಲ್ಲ ಎಂದಳು. ಆಗ ಕಾಕಾ ಗಂಟಲು ಸರಿಮಾಡಿಕೊಂಡ.

"ಎಲ್ಲಾ ಛಲೋ ಅದಾವ. ಆದ್ರ ‘ನಾಲ್ಕು ಕಂಬದ ಮನೆ’ಯಾಗ ಅಣ್ಣ ಕರೀಲಿಕ್ಕೆ ಬಂದದ್ದು ಐತಲ್ಲ, ಅಂಥಾದ್ದು ಟಿವ್ಯಾಗ ಹಿಂದ ಬಂದಿಲ್ಲ, ಮುಂದ ಬರೂದಿಲ್ಲ. ಬಾಗಲದಾಗ ನಿಂತ ಅಂವ ‘ಅವ್ವ ಕಳಿಸ್ಯಾಳ’ ಅಂತಾನ. ಅವ್ವ ಕಳಿಸಿರೂದಿಲ್ಲ. ಆಕಿ ಜ್ವಾಳ ಹಸನ ಮಾಡಾಕತ್ತಿರತಾಳ. ಸುಳ್ಳಂತ ಗೊತ್ತಿದ್ರೂ ಎದ್ದು ಚೀಲ ತರತಾಳ."

ಅತ್ತಿ ಅವನನ್ನೇ ನೋಡುತ್ತಿದ್ದಳು.

"ನೀ ನಮ್ಮ ಬಾಗಲದಾಗ ನಿಂತು ಅದ ಮಾತು ಅಂದೀಯಲ್ಲ. ಅಂದ್ರ ನನ್ನ ಅವ್ವನೂ ನಿನ್ನ ಕಳಿಸಿರಲಿಲ್ಲೇನು?"

"ನಾ ಎಲ್ಲಿ ಕಳಿಸಿದ್ದೆ?" ಎಂದಳು ಅಜ್ಜಿ. "ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ."

ಅವ್ವ ಬೇರೆ ಯಾವುದೋ ಲೆಕ್ಕ ಹಾಕುತ್ತಿದ್ದಳು. "ಯಾವತ್ತ ಬಂತದು? ನಾ ನೋಡೇ ಇಲ್ಲ."

"ಹೋದ ಬುಧವಾರ," ಎಂದ ಕಾಕಾ.

"ಹೋದ ಬುಧವಾರ ಕರೆಂಟ ಎಲ್ಲಿತ್ತು?"

ನನ್ನ ಬಾಯಲ್ಲಿ ಅರ್ಧ ಎಳ್ಳುಂಡಿ ಇತ್ತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ಐದೂ ಮುಖಗಳು ನನ್ನ ಕಡೆ ತಿರುಗಿದವು. ಓಡೋಣವೆಂದರೆ ಬಾಗಿಲಿಗೆ ಅಡ್ಡವಾಗಿ ಅಪ್ಪ ಕೂತಿದ್ದ. "ನಾನ ಮಾಡಿ ಹೇಳಿದೆ," ಎಂದೆ. ಎಳ್ಳಿನ ನಡುವೆ ಆ ಮಾತು ಎಷ್ಟು ಕೇಳಿಸಿತೋ, ಆದರೆ ಎಲ್ಲರಿಗೂ ತಿಳಿಯಿತು. ಅಪ್ಪ ನಗಲು ಶುರುಮಾಡಿದವನು ಅತ್ತಿಯ ಮುಖ ನೋಡಿ ನಿಲ್ಲಿಸಿದ. ಅತ್ತಿ ಎದ್ದು ನಿಂತಿದ್ದಳು. ಗೂಟಕ್ಕೆ ನೇತುಹಾಕಿದ್ದ ತನ್ನ ಚೀಲ ಇಳಿಸಿದಳು.

"ಮೂರು ವರ್ಷಕ್ಕ ನನ್ನ ತಮ್ಮಗ ನನ್ನ ನೆನಪಾತು ಅಂತ ಕುಣಕೋತ ಬಂದೆ. ಕೂಸಿನ ಕತಿ ಕೇಳಿ ಬಂದಾನ. ಮೊದಲ ಕಂಡಕ್ಟರ್ ಬಾಯಿ, ಈಗ ಇದರ ಬಾಯಿ. ನಿನಗ ನಿನ್ನ ಬಾಯಿ ಇಲ್ಲೇನು?"

ನನಗೆ ಅಳು ಬಂತು. ಮಾಡಿದ್ದೆಲ್ಲ ನನ್ನಿಂದಲೇ ಕೆಟ್ಟಿತು ಅನಿಸಿತು. ಇಂಥ ಹೊತ್ತಿನಲ್ಲಿ ಎದ್ದು ಹೊರಗೆ ಹೋಗುವುದು ಕಾಕಾನ ರೂಢಿ. ಅಪ್ಪ ಕೂಡ ಅವನು ಹೋಗಲಿ ಎಂದು ಕಾಲು ಸರಿಸಿ ದಾರಿ ಬಿಟ್ಟ. ಕಾಕಾ ಏಳಲಿಲ್ಲ. ನೆಲ ನೋಡುತ್ತಲೇ ಮಾತಾಡಿದ.

"ಅಕ್ಕಾ, ಬರಬೇಕು ಅನ್ನೂದು ಮೂರು ವರ್ಷದಿಂದ ಇತ್ತು. ಎರಡ ಸಲ ಮೇಡ್ಲೇರಿ ಬಸ್ ಹತ್ತಿ ನಡುವ ಇಳದು ಬಂದೇನಿ. ನಿನ್ನ ಬಾಗಲದಾಗ ನಿಂತ ಏನ ಅನ್ನಬೇಕು ಅನ್ನೂದು ತಿಳೀತಿರಲಿಲ್ಲ. ಕ್ಷಮಾ ಕೇಳಾಕ ಬಾಯಿ ಬರೂದಿಲ್ಲ ನನಗ, ನಿನಗ ಗೊತ್ತೈತಿ. ಈ ಹುಡುಗಿ ಒಂದ ಮಾತ ಕೊಟ್ಟಳು. ಮಾತ ಆಕೀದು. ಬಂದಾಂವ ನಾನ."

ಹೊರಗೆ ಓಣಿಯ ಹುಡುಗಿಯರು ನಮ್ಮ ಜೋಕಾಲಿಯಲ್ಲಿ ಜೀಕುತ್ತಿದ್ದ ಸದ್ದು ಕೇಳುತ್ತಿತ್ತು. ಅತ್ತಿ ಚೀಲ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ, ಸಿಟ್ಟಿನ ದನಿಯನ್ನು ಪೂರ್ತಿ ಬಿಡದೆ, ಕೇಳಿದಳು:

"ಎರಡ ಸಲ ಎಲ್ಲಿ ಇಳದಿ?"

"ಒಮ್ಮೆ ಊರ ದಾಟೂಕಿಂತ ಮೊದಲ. ಇನ್ನೊಮ್ಮೆ ನಿಮ್ಮೂರ ಸ್ಟ್ಯಾಂಡಿನ್ಯಾಗ."

"ಸ್ಟ್ಯಾಂಡಿನ ತನಕ ಬಂದು?"

"ಬಂದು ಚಹಾ ಕುಡದು, ಅದ ಬಸ್ಸಿಗೆ ತಿರಗಿ ಬಂದೆ."

ಅತ್ತಿಯ ಮುಖ ಮೊದಲು ಬಾಯಿಯ ತುದಿಯಲ್ಲಿ ಸಡಿಲಾಯಿತು. ಚೀಲ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. "ನಮ್ಮೂರ ಸ್ಟ್ಯಾಂಡಿನ ಚಹಾ ಕುಡದಾಂವಗ ಅದ ಶಿಕ್ಷಾ ಸಾಕು," ಎಂದಳು. ಆ ನಗು ಅಜ್ಜಿಗೆ ಹಿಡಿಯಿತು, ಅವ್ವನಿಗೆ ಹಿಡಿಯಿತು. ನನ್ನ ತಲೆಯ ಮೇಲೆ ಮೆಲ್ಲಗೆ ಒಂದು ಹೊಡೆದು ಅತ್ತಿ ಹೇಳಿದಳು, "ಮತ್ತೊಂದ ಸಲ ನನ್ನ ಕತಿ ಕಟ್ಟೂದಿದ್ರ ಕೇಳಿ ಕಟ್ಟು. ಜ್ವಾಳ ಹಸನ ಮಾಡಾಕತ್ತಿರಲಿಲ್ಲ ನಾ. ಎಮ್ಮಿ ಮೈ ತೊಳೆಯಾಕತ್ತಿದ್ದೆ."

ಕಾರ್ಡಿನ ಕೆಲಸ ಇನ್ನೂ ಉಳಿದಿತ್ತು. ಮೊದಲನೆಯ ಜಾಗಕ್ಕೆ ‘ನಾಲ್ಕು ಕಂಬದ ಮನೆ’ ಬರೆ ಎಂದು ಅಜ್ಜಿ ತೀರ್ಪು ಕೊಟ್ಟಳು. ಕಾರಣದ ಜಾಗದಲ್ಲಿ ‘ಇದರಿಂದ ನಮ್ಮ ಮಗಳು ಮನೆಗೆ ಬಂದಳು’ ಎಂದು ಬರೆಯಬೇಕೆಂದಳು. ಅಪ್ಪನಿಗೆ ಅದು ನ್ಯಾಯವೆನಿಸಲಿಲ್ಲ.

"ಆ ಕಂತು ಬಂದೇ ಇಲ್ಲಲ್ಲಬೇ."

"ಮಗಳು ಬಂದಾಳಿಲ್ಲೋ?"

ಅಪ್ಪ ಬರೆದ. ಎರಡನೆಯದು ಪತ್ತೇದಾರಿ, ಮೂರನೆಯದು ಬಾಡಿಗೆ ಮನೆ, ನಾಲ್ಕನೆಯದು ಹೊಲದವರದು. ಐದನೆಯದಕ್ಕೆ ಅಜ್ಜಿ ‘ಅಡಚಣೆಗಾಗಿ ಕ್ಷಮಿಸಿ’ ಹೇಳಿದಳು. ಅದು ಕಾರ್ಯಕ್ರಮವೇ ಅಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಒಪ್ಪಲಿಲ್ಲ. ಕಡೆಗೆ ಅದನ್ನೂ ಬರೆದು, ಜಾಗ ಸಾಲದೆ ನಮ್ಮ ವಿಳಾಸವನ್ನು ಕಾರ್ಡಿನ ಅಂಚಿಗೆ ತುರುಕಿದ. ಇಸ್ತ್ರಿ ಪೆಟ್ಟಿಗೆ ಬರಲಿಲ್ಲ. ಬರುತ್ತದೆಂದು ಅಪ್ಪನೊಬ್ಬ ಬಹಳ ದಿನ ಕಾದ.

ಧಾರಾವಾಹಿಯ ಅಣ್ಣ ತಂಗಿಯ ಮನೆ ಮುಟ್ಟಲು ಇನ್ನೂ ಮೂರು ವಾರ ಹಿಡಿಯಿತು. ಅದು ಬರುವ ಬುಧವಾರ ಅತ್ತಿ ಬಸ್ಸು ಹಿಡಿದು ಮೇಡ್ಲೇರಿಯಿಂದ ಬಂದಳು. ಕಾಕಾ ಶಿಫ್ಟು ಬದಲಾಯಿಸಿಕೊಂಡು ಮನೆಯಲ್ಲೇ ಉಳಿದ. ಅಪ್ಪ ಟಿವಿಯ ಹಿಂದೆ ಹೋಗಿ ಒಂದು ತಂತಿ ಬಿಗಿದು ಬಂದ. ಕರೆಂಟು ಇತ್ತು. ಉದ್ದ ತಲೆಯ ಅಣ್ಣ ತಂಗಿಯ ಬಾಗಿಲಲ್ಲಿ ನಿಂತು ಅರ್ಧ ಕಂತಿನಷ್ಟು ಮಾತಾಡಿದ. ತನ್ನ ತಪ್ಪುಗಳನ್ನು ಒಂದೊಂದಾಗಿ ಹೇಳಿದ, ಕಣ್ಣೀರು ಹಾಕಿದ, ಆಕಾಶಕ್ಕೆ ಕೈ ಎತ್ತಿದ. ಸಂಗೀತ ಮೂರು ಸಲ ಏರಿ ಇಳಿಯಿತು. ಅವ್ವನ ಒಂದು ರೊಟ್ಟಿಯೂ ಸುಡಲಿಲ್ಲ.

ಅತ್ತಿ ಗಲ್ಲದ ಮೇಲೆ ಕೈಯಿಟ್ಟು ಕೊನೆಯವರೆಗೂ ನೋಡಿದಳು. ಮುಗಿದ ಮೇಲೆ ತಲೆಯಾಡಿಸಿದಳು.

"ಇಂವ ಖರೇ ಕರೀಲಿಕ್ಕೆ ಬಂದಾಂವ ಅಲ್ಲ. ಕರೀಲಿಕ್ಕೆ ಬಂದವರಿಗೆ ಇಷ್ಟ ಮಾತ ಬರೂದಿಲ್ಲ."

ಕಾಕಾನ ಕಿವಿ ಕೆಂಪಾಗಿದ್ದವು.

ಮರುದಿನ ಮುಂಜಾನೆ ನಾನು ಪಾಟೀಚೀಲ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಕಾಲು ತೊಳೆಯಲು ಹೋದಾಗ ಅಕ್ಕ-ತಮ್ಮ ಇಬ್ಬರೂ ನೀರೊಲೆಯ ಮುಂದೆ ಒಂದೊಂದು ಬಟ್ಟಲು ಹಿಡಿದು ಕೂತಿದ್ದರು. ಅತ್ತಿ ಕಲ್ಲಿನ ಮೇಲಿದ್ದ ತಂಬಿಗೆ ತೆಗೆದು ನನಗೆ ಜಾಗ ಮಾಡಿದಳು.

"ಬಾ ಇಲ್ಲೆ. ನಿನ್ನೆ ಅಂವ ಹ್ಯಾಂಗ ಬರಬೇಕಾಗಿತ್ತು, ನೀ ಹೇಳು."

ಶಾಲೆಯ ಗಂಟೆ ಬಡಿದದ್ದು ಹಿತ್ತಲಿಗೂ ಕೇಳಿಸಿತು. ಚೀಲ ಕೆಳಗಿಟ್ಟು, ಕಲ್ಲಿನ ಮೇಲೆ ಹತ್ತಿ ನಿಂತೆ.